ಹಣ್ಣಿನ ಸಲಾಡ್ ನೀರು ಬಿಡದಂತೆ

ಕೇಳುಗರಿಗೆ ನಮಸ್ಕಾರ.

ಬಿರುಬಿಸಿಲಿನ ಹೊತ್ತಿಗೆ ತಣ್ಣನೆಯ ಹಣ್ಣಿನ ಸಲಾಡ್, ಮೇಲೆ ನಿಂಬೆ ಮತ್ತು ಜೇನಿನ ಹುಳಿಸಿಹಿ ರಸ. ಒಲೆ ಹಚ್ಚುವ ಕೆಲಸವಿಲ್ಲ, ಹೆಚ್ಚಿ ಬೆರೆಸಿದರೆ ಮುಗಿಯಿತು ಅನ್ನಿಸುತ್ತದೆ. ಆದರೆ ಅರ್ಧ ಗಂಟೆ ಬಿಟ್ಟು ನೋಡಿದರೆ ಬೋಗುಣಿಯ ತಳದಲ್ಲಿ ನೀರು ನಿಂತಿರುತ್ತದೆ, ಹೋಳುಗಳು ಮೆತ್ತಗಾಗಿರುತ್ತವೆ, ಪುದೀನ ಕಪ್ಪಾಗಿರುತ್ತದೆ, ರುಚಿ ಸಪ್ಪೆ. ಕಲ್ಲಂಗಡಿಯ ತೂಕದಲ್ಲಿ ನೂರಕ್ಕೆ 90ಕ್ಕೂ ಮಿಕ್ಕಿದ ಪಾಲು ನೀರೇ. ಕರಬೂಜವೂ ಹೆಚ್ಚುಕಡಿಮೆ ಹಾಗೆಯೇ. ಉಪ್ಪೋ ಸಕ್ಕರೆಯೋ ಹೋಳಿಗೆ ತಾಗಿತೆಂದರೆ ಒಳಗಿನ ನೀರು ಹೊರಗೆ ಬರತೊಡಗುತ್ತದೆ. ಸೌತೆಕಾಯಿಗೆ ಉಪ್ಪು ಸವರಿಟ್ಟರೆ ನೀರೊಡೆಯುವುದೂ ಇದೇ ಕಾರಣಕ್ಕೆ. ಆದ್ದರಿಂದ ಈ ಸಲಾಡಿನಲ್ಲಿ ಯಾವುದನ್ನು ಎಷ್ಟು ಹಾಕಿದಿರಿ ಎನ್ನುವುದಕ್ಕಿಂತ ಯಾವಾಗ ಹಾಕಿದಿರಿ ಎನ್ನುವುದೇ ದೊಡ್ಡ ಮಾತು.

ಆರು ಜನರಿಗೆ ಹೆಚ್ಚಿದ ಹಣ್ಣು ಒಂದು ಕಿಲೋ ಸಾಕು. ಕಲ್ಲಂಗಡಿ 350 ಗ್ರಾಂ, ಕರಬೂಜ 200, ಮಾವು 200, ಅನಾನಸ್ 150, ಬೀಜವಿಲ್ಲದ ದ್ರಾಕ್ಷಿ 100. ಈ ತೂಕ ಸಿಪ್ಪೆ, ಬೀಜ ತೆಗೆದ ಮೇಲಿನದು. ಒಂದು ಹಣ್ಣು ಸಿಗದಿದ್ದರೆ ಇನ್ನೊಂದು ಹಾಕಿ, ತೊಂದರೆಯಿಲ್ಲ. ಕಲ್ಲಂಗಡಿ ಮಾತ್ರ ಅರ್ಧಕ್ಕಿಂತ ಹೆಚ್ಚಾಗದಿರಲಿ. ಮಾವು ಹಣ್ಣಾಗಿದ್ದರೂ ಬೆರಳಿಗೆ ತುಸು ಗಟ್ಟಿ ಸಿಗಬೇಕು. ಕಳಿತ ಮಾವು ಬೆರೆಸುವಾಗಲೇ ಕಲಸಿಹೋಗಿ ಎಲ್ಲ ಹೋಳುಗಳಿಗೂ ಮೆತ್ತಿಕೊಳ್ಳುತ್ತದೆ. ಅನಾನಸನ್ನು ಕೊಳ್ಳುವಾಗಲೇ ಮೂಸಿ ನೋಡಿ ಆರಿಸಿ. ಕೊಯ್ದ ಮೇಲೆ ಅದು ಬಣ್ಣ ತಿರುಗೀತು, ಸಿಹಿ ಮಾತ್ರ ಏರುವುದಿಲ್ಲ. ಮಾವು ಹಾಗಲ್ಲ, ಬಲಿತ ಕಾಯಿಯಾದರೆ ಮನೆಯಲ್ಲೇ ಹಣ್ಣಾಗುತ್ತದೆ.

ಹಣ್ಣನ್ನು ಇಡಿಯಾಗಿರುವಾಗಲೇ ಮೂರು ನಾಲ್ಕು ಗಂಟೆ ಫ್ರಿಜ್‌ನಲ್ಲಿಡಿ. ಹೆಚ್ಚಿದ ಮೇಲೆ ತಣ್ಣಗಾಗಲು ಬಿಡುವುದೆಂದರೆ ಅಷ್ಟು ಹೊತ್ತು ನೀರು ಸುರಿಯಲು ಬಿಟ್ಟಂತೆಯೇ. ಫ್ರಿಜ್‌ನ ಹಿಂಬದಿಗೆ, ಹಿಮ ಕಟ್ಟುವ ಜಾಗಕ್ಕೆ ಒತ್ತಿ ಇಡಬೇಡಿ. ಒಳಗೆ ಮಂಜುಗಡ್ಡೆಯ ಹರಳು ಕಟ್ಟಿದರೆ ತಿರುಳಿನ ಕೋಶಗಳು ಒಡೆಯುತ್ತವೆ, ಆಮೇಲೆ ಆ ಹಣ್ಣು ಎಷ್ಟು ಜೋಪಾನ ಮಾಡಿದರೂ ಬಿಗಿಯಾಗುವುದಿಲ್ಲ.

ಹೆಚ್ಚುವ ಮೊದಲು ಕಲ್ಲಂಗಡಿ, ಕರಬೂಜದ ಹೊರಸಿಪ್ಪೆಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು ಒರೆಸಿ. ತಿನ್ನದ ಸಿಪ್ಪೆಯನ್ನು ತೊಳೆಯುವುದೇಕೆ ಎಂದು ಕೇಳುವವರುಂಟು. ಸಿಪ್ಪೆಯ ಮೇಲಿನ ಕೊಳೆ, ರೋಗಾಣು ಎಲ್ಲವೂ ಚಾಕುವಿನ ಅಲಗಿನ ಜೊತೆ ತಿರುಳಿಗೆ ಇಳಿಯುತ್ತವೆ, ಅದಕ್ಕೆ. ಕರಬೂಜದ ಸಿಪ್ಪೆ ಜಾಲರಿಯಂತೆ ತರಿತರಿಯಾಗಿದ್ದರೆ ಬ್ರಷ್‌ನಿಂದಲೇ ಉಜ್ಜಬೇಕು.

ಚಾಕು ಹರಿತವಾಗಿರಲಿ. ಮೊಂಡು ಚಾಕು ಕೊಯ್ಯುವುದಿಲ್ಲ, ಜಜ್ಜುತ್ತದೆ. ಹಲಗೆಯ ಮೇಲೆ ರಸ ಹರಿದು ಬಂತೆಂದರೆ ಚಾಕು ಮಸೆಯಬೇಕೆಂದು ತಿಳಿಯಿರಿ. ಕಲ್ಲಂಗಡಿ, ಕರಬೂಜ ಎರಡು ಸೆಂಟಿಮೀಟರಿನ ಹೋಳಾಗಲಿ. ಅದಕ್ಕಿಂತ ಸಣ್ಣದಾದರೆ ಕೊಯ್ದ ಮೈ ಹೆಚ್ಚುತ್ತದೆ, ನೀರೂ ಹೆಚ್ಚುತ್ತದೆ. ಅನಾನಸ್ ನಾರಿನ ಹಣ್ಣು, ನಡುವಿನ ದಿಂಡು ತೆಗೆದು ಒಂದು ಸೆಂಟಿಮೀಟರಿಗೆ ಇಳಿಸಿ. ದ್ರಾಕ್ಷಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿ. ಇಡೀ ದ್ರಾಕ್ಷಿಯ ನುಣುಪು ಸಿಪ್ಪೆಯ ಮೇಲೆ ರಸ ನಿಲ್ಲದೆ ಜಾರುತ್ತದೆ. ಐದು ವರ್ಷದೊಳಗಿನ ಮಕ್ಕಳಿದ್ದರೆ ಉದ್ದಕ್ಕೇ ನಾಲ್ಕು ಸೀಳು ಮಾಡಲೇಬೇಕು, ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ.

ಹೆಚ್ಚಿದ ಕಲ್ಲಂಗಡಿಯನ್ನು ನೇರವಾಗಿ ಬೋಗುಣಿಗೆ ಹಾಕಬೇಡಿ. ಜರಡಿಯಲ್ಲಿ ಹಾಕಿ, ಕೆಳಗೆ ಪಾತ್ರೆಯಿಟ್ಟು, ಫ್ರಿಜ್‌ನಲ್ಲಿ ಹದಿನೈದು ನಿಮಿಷ ಬಿಡಿ. ಮೊದಲ ಸುತ್ತಿನ ನೀರು ಅಲ್ಲೇ ಇಳಿಯುತ್ತದೆ. ಅನಾನಸ್‌ಗೂ ಇದೇ ಉಪಚಾರ. ಇಳಿದ ರಸ ಚೆಲ್ಲಬೇಡಿ, ಕುಡಿಯಲು ಚೆನ್ನಾಗಿರುತ್ತದೆ.

ಇನ್ನು ಹುಳಿರಸ. ಒಂದು ಕಿಲೋ ಹಣ್ಣಿಗೆ ನಿಂಬೆರಸ ಮೂರು ದೊಡ್ಡ ಚಮಚ, ಅಂದರೆ 45 ಮಿಲಿ. ಜೇನುತುಪ್ಪ ಎರಡು ದೊಡ್ಡ ಚಮಚ, 30 ಮಿಲಿ. ಹಸಿ ಶುಂಠಿ ತುರಿದು ಹಿಂಡಿದ ರಸ ಒಂದು ಸಣ್ಣ ಚಮಚ, ಉಪ್ಪು ಕಾಲು ಸಣ್ಣ ಚಮಚ, ಆಗಷ್ಟೇ ಕುಟ್ಟಿದ ಕಾಳುಮೆಣಸು ಕಾಲು ಸಣ್ಣ ಚಮಚ. ಇವುಗಳ ಜೊತೆ ಒಂದು ನಿಂಬೆಯ ಸಿಪ್ಪೆಯ ತುರಿ. ಘಮವೆಲ್ಲ ಇರುವುದು ಸಿಪ್ಪೆಯ ಮೇಲ್ಪದರದ ಎಣ್ಣೆಯಲ್ಲಿ. ನಿಂಬೆಯನ್ನು ಹಿಂಡುವ ಮೊದಲೇ ತುರಿದುಕೊಳ್ಳಿ, ಹಿಂಡಿದ ಹೋಳನ್ನು ತುರಿಯಲು ಹೋದರೆ ಬೆರಳೇ ತುರಿದೀತು. ಬಣ್ಣದ ಪದರ ಹೋಗಿ ಬಿಳಿ ಕಾಣಿಸಿತೆಂದರೆ ಅಲ್ಲಿಗೆ ನಿಲ್ಲಿಸಿ. ಆ ಬಿಳಿ ಭಾಗ ಕಹಿ.

ಉಪ್ಪನ್ನು ಮೊದಲು ನಿಂಬೆರಸದಲ್ಲಿ ಕರಗಿಸಿ, ಆಮೇಲೆ ಜೇನು ಸೇರಿಸಿ. ಗಟ್ಟಿ ಜೇನಿನಲ್ಲಿ ಉಪ್ಪು ಕರಗದೆ ಕಾಳುಕಾಳಾಗಿ ಉಳಿಯುತ್ತದೆ. ನಿಂಬೆರಸ ಫ್ರಿಜ್‌ನಿಂದ ಆಗ ತಾನೇ ತೆಗೆದದ್ದಾದರೆ ಜೇನು ತಳಕ್ಕೆ ಕಚ್ಚಿಕೊಳ್ಳುತ್ತದೆ, ಸ್ವಲ್ಪ ಹೊತ್ತು ಹೊರಗಿಟ್ಟು ಬೆರೆಸಿ. ಎಲ್ಲವನ್ನೂ ಮುಚ್ಚಳದ ಸೀಸೆಗೆ ಹಾಕಿ ಕುಲುಕಿದರೆ ಅರ್ಧ ನಿಮಿಷದಲ್ಲಿ ಹದವಾಗುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು, ಈ ರಸವೂ ಬೇಡ.

ರುಚಿ ನೋಡುವಾಗ ಬರೀ ರಸವನ್ನು ಚಮಚದಲ್ಲಿ ನೆಕ್ಕಿದರೆ ತೀರಾ ಖಾರ, ತೀರಾ ಹುಳಿ ಅನ್ನಿಸಿ ಜೇನು ಸುರಿಯುವ ಮನಸ್ಸಾಗುತ್ತದೆ. ಒಂದು ಹೋಳು ಹಣ್ಣನ್ನು ಅದ್ದಿ ತಿಂದು ನೋಡಿ. ಅನಾನಸ್, ದ್ರಾಕ್ಷಿ ಹುಳಿಯಿದ್ದರೆ ನಿಂಬೆರಸ ಎರಡು ಚಮಚಕ್ಕೆ ಇಳಿಸಿ. ಉಪ್ಪನ್ನು ಮಾತ್ರ ಬಿಡಬೇಡಿ. ಆ ಚಿಟಿಕೆ ಉಪ್ಪು ಕಹಿಯನ್ನು ತಗ್ಗಿಸಿ ಹಣ್ಣಿನ ಸಿಹಿಯನ್ನು ಎದ್ದು ಕಾಣಿಸುತ್ತದೆ. ತೀರಾ ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ ಎನ್ನುವುದೂ ನೆನಪಿರಲಿ.

ಬೆರೆಸುವುದು ಬಡಿಸುವ ಹತ್ತು ನಿಮಿಷ ಮೊದಲು, ಅದಕ್ಕಿಂತ ಮುಂಚೆ ಬೇಡ. ಅಗಲವಾದ ಬೋಗುಣಿಯಲ್ಲಿ ಮೊದಲು ಅನಾನಸ್, ದ್ರಾಕ್ಷಿ, ಮಾವು ಹಾಕಿ ಮುಕ್ಕಾಲು ಪಾಲು ರಸ ಸುರಿದು ಕೈಯಿಂದಲೋ ಮರದ ಸೌಟಿನಿಂದಲೋ ತಳದಿಂದ ಮೇಲಕ್ಕೆ ತಿರುವಿ. ನಂತರ ಕರಬೂಜ, ಕೊನೆಗೆ ಕಲ್ಲಂಗಡಿ, ಉಳಿದ ರಸ. ಪುದೀನದ ಹತ್ತು ಹನ್ನೆರಡು ಎಲೆಗಳನ್ನು ಬಡಿಸುವ ಗಳಿಗೆಯಲ್ಲಿ ಕೈಯಿಂದ ಹರಿದು ಹಾಕಿ. ಸಣ್ಣಗೆ ಕೊಚ್ಚಿಟ್ಟರೆ ಅಂಚು ಬೇಗ ಕಪ್ಪಾಗುತ್ತದೆ.

ಸೇಬು ಹಾಕುವುದಾದರೆ ಹೆಚ್ಚಿದ ತಕ್ಷಣ ಒಂದು ಚಮಚ ನಿಂಬೆರಸದಲ್ಲಿ ಹೊರಳಿಸಿ. ಗಾಳಿ ತಾಗಿದಾಗ ಅದರೊಳಗಿನ ಕಿಣ್ವ ಹೋಳನ್ನು ಕಂದಾಗಿಸುತ್ತದೆ, ಹುಳಿ ಆ ಕಿಣ್ವದ ಕೆಲಸ ತಡೆಯುತ್ತದೆ. ಬಾಳೆಹಣ್ಣು ಕೊನೆಯ ನಿಮಿಷದ್ದು. ದಾಳಿಂಬೆ ಕಾಳನ್ನು ಬೆರೆಸದೆ ಮೇಲೆ ಉದುರಿಸಿ, ಇಲ್ಲದಿದ್ದರೆ ಎಲ್ಲವೂ ಗುಲಾಬಿ.

ಕೆಲವರು ಹುಳಿರಸದ ಬದಲು ಮೊಸರು ಅಥವಾ ಕೆನೆ ಹಾಕುತ್ತಾರೆ. ಹಸಿ ಅನಾನಸ್ ಇದ್ದರೆ ಅದು ಕಹಿಯಾಗುತ್ತದೆ. ಅದರ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ. ಪರಂಗಿಹಣ್ಣು, ಹಸಿ ಶುಂಠಿಯಲ್ಲೂ ಇಂಥದೇ ಕಿಣ್ವಗಳಿವೆ. ಡಬ್ಬಿಯ ಅನಾನಸ್ ಈ ತಂಟೆ ಮಾಡುವುದಿಲ್ಲ, ಕಾಯಿಸುವಾಗಲೇ ಕಿಣ್ವ ಸತ್ತಿರುತ್ತದೆ. ಹಸಿ ಹಣ್ಣೇ ಬೇಕೆಂದರೆ ಹೋಳನ್ನು ಎರಡು ಮೂರು ನಿಮಿಷ ಕುದಿಸಿ ಆರಿಸಿ ಹಾಕಬಹುದು. ರುಚಿಯ ದೃಷ್ಟಿಯಿಂದ ಅದು ಸೋತ ಹಾದಿಯೇ.

ಹೆಚ್ಚಿದ ಹಣ್ಣು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದೇ ಗಂಟೆ. ನಿಂಬೆಹುಳಿ ಇದೆಯಲ್ಲ, ಕೆಡುವುದಿಲ್ಲ ಎಂಬ ಧೈರ್ಯ ಬೇಡ. ಕಲ್ಲಂಗಡಿ, ಕರಬೂಜ ಹುಳಿಯಿಲ್ಲದ ಹಣ್ಣುಗಳು, ಈ ಅಳತೆಯ ನಿಂಬೆರಸ ಅವನ್ನು ಕಾಯಲಾರದು. ಅತಿಥಿಗಳು ತಡವಾಗಿ ಬರುವವರಾದರೆ ಹಣ್ಣು ಬೇರೆ, ರಸ ಬೇರೆ ಫ್ರಿಜ್‌ನಲ್ಲಿಡಿ. ಬೆರೆಸಿದ್ದು ಉಳಿದರೆ ಬಾಳೆ, ಪುದೀನ ಆರಿಸಿ ತೆಗೆದು, ಮಿಕ್ಕದ್ದನ್ನು ಅದರ ನೀರಿನ ಸಮೇತ ಮಿಕ್ಸಿಗೆ ಹಾಕಿ ಸೋಸಿ, ಐಸ್ ಟ್ರೇಗೆ ಸುರಿದು ಗಟ್ಟಿಮಾಡಿ. ಮರುದಿನ ಒಂದು ಲೋಟ ತಣ್ಣೀರಿಗೆ ನಾಲ್ಕು ತುಂಡು ಹಾಕಿದರೆ ಪಾನಕ ಸಿದ್ಧ.

ನಮಸ್ಕಾರ.