ನೀರು ಬಾರದ ನಳಕ್ಕೆ ನಮ್ಮ ಠರಾವು ಇಲ್ಲ

ಎಲ್ಲರಿಗೂ ಶರಣು ಶರಣಾರ್ಥಿ. ಊರಿನಲ್ಲಿರುವವರಿಗೂ, ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋಗಿರುವ ನಮ್ಮ ಅಕ್ಕತಂಗಿಯರಿಗೂ, ಅಣ್ಣತಮ್ಮಂದಿರಿಗೂ. ಸೇಡಂ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿಯ ಕೆಲಸ ಎಲ್ಲಿಗೆ ಬಂದಿದೆ ಎಂದು ಅಧ್ಯಕ್ಷೆಯಾಗಿ ನಿಮಗೆ ಲೆಕ್ಕ ಒಪ್ಪಿಸುವುದಕ್ಕೆ ಈ ವಿಡಿಯೊ ಮಾಡುತ್ತಿದ್ದೇನೆ. ಬೇರೆ ಊರಿನವರು ನೋಡುತ್ತಿದ್ದರೆ ಅವರೂ ಸ್ವಲ್ಪ ಕುಳಿತು ಕೇಳಿ. ಇವತ್ತಿನ ವಿಷಯ ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆಗಳ ಜನರಿಗೆ ಸಂಬಂಧಿಸಿದ್ದು.

ಊರಿನಲ್ಲಿ ಒಂದು ಮಾತು ಓಡಾಡುತ್ತಿದೆ. ಹೊಸ ನೀರಿನ ಯೋಜನೆ ಮುಗಿದಿದೆ, ಅದನ್ನು ಪಂಚಾಯಿತಿಗೆ ವಹಿಸಿಕೊಳ್ಳುವ ಹಸ್ತಾಂತರಕ್ಕೆ ಅಧ್ಯಕ್ಷರೇ ಸಹಿ ಹಾಕದೆ ಅಡ್ಡಗಾಲು ಹಾಕಿದ್ದಾರೆ ಎಂದು. ಸಹಿ ಹಾಕಿಲ್ಲ ಎನ್ನುವುದು ನಿಜ. ಮೇಲಿನ ಓಣಿಯ ಕಟ್ಟಕಡೆಯ ಮನೆಗೆ ನೀರು ಬರುವವರೆಗೆ ಹಾಕುವುದೂ ಇಲ್ಲ. ಏಕೆ ಎಂದು ಹೇಳುತ್ತೇನೆ.

2019ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಜಲ ಜೀವನ್ ಮಿಷನ್ ಘೋಷಿಸಿತು. ನಮ್ಮ ರಾಜ್ಯದಲ್ಲಿ ಅದಕ್ಕೆ 'ಮನೆ ಮನೆಗೆ ಗಂಗೆ' ಎಂಬ ಹೆಸರು ಬಂತು. ಯೋಜನೆ ಕೊಟ್ಟ ಮಾತು ಬಹಳ ಸ್ಪಷ್ಟವಾಗಿದೆ: ಪ್ರತಿ ಮನೆಗೆ ನಳ, ಒಬ್ಬರಿಗೆ ದಿನಕ್ಕೆ 55 ಲೀಟರ್, ಗುಣಮಟ್ಟದ ನೀರು, ನಿಯಮಿತವಾಗಿ. ಐದು ಜನರ ಮನೆಯಾದರೆ ದಿನಕ್ಕೆ 275 ಲೀಟರ್. ಹದಿನೈದು ಲೀಟರಿನ ಕೊಡವೆಂದು ಹಿಡಿದರೆ ಹದಿನೆಂಟು ಕೊಡದ ಮೇಲೆ ಸ್ವಲ್ಪ. ಮೇಲಿನ ಓಣಿಯ ಯಾವ ಅಕ್ಕನನ್ನಾದರೂ ಕೇಳಿ ನೋಡಿ, ತನ್ನ ನಳದಿಂದ ಒಂದೇ ದಿನ ಹದಿನೆಂಟು ಕೊಡ ತುಂಬಿದ್ದು ಅವಳಿಗೆ ನೆನಪಿದೆಯೇ ಎಂದು.

ಕಳೆದ ವಾರ ನಾನು, ನಮ್ಮ ವಾಟರ್‌ಮ್ಯಾನ್, ಮತ್ತು ನೀರು ನೈರ್ಮಲ್ಯ ಸಮಿತಿಯ ಮಹಿಳೆಯರು ಕೂಡಿ ಓಣಿ ಓಣಿ ತಿರುಗಿದೆವು. ಟ್ಯಾಂಕಿನ ಕೆಳಗಿನ ಓಣಿಯಲ್ಲಿ ವಾಲ್ ತೆರೆದ ಕೂಡಲೇ ನೀರು ರಭಸದಿಂದ ಬರುತ್ತದೆ, ಕೊಡ ತುಂಬಿ ಗಟಾರಕ್ಕೆ ಹರಿಯುತ್ತದೆ. ಹನುಮಪ್ಪನ ಗುಡಿ ದಾಟಿ ದಿನ್ನೆ ಏರಿದರೆ ನಳದಿಂದ ಮೊದಲು ಗಾಳಿ ಬರುತ್ತದೆ. ಆಮೇಲೆ ನೂಲಿನಷ್ಟು ಸಣ್ಣ ಧಾರೆ. ಇನ್ನೂ ಮೇಲೆ ಹೋದರೆ ಅದೂ ಇಲ್ಲ. ಅಲ್ಲೊಂದು ಮನೆಯ ಮುಂದೆ ನಳದ ಸಿಮೆಂಟ್ ಕಂಬಕ್ಕೆ ಕರು ಕಟ್ಟಿದ್ದರು. ತೋಟಿಯನ್ನು ಬಿಚ್ಚಿ ಒಳಗೆ ಇಟ್ಟಿದ್ದರು. 'ಹೊರಗೆ ಬಿಟ್ಟರೆ ಕಳುವಾಗುತ್ತದೆ ಅಧ್ಯಕ್ಷರೇ, ನೀರು ಬಂದ ದಿನ ಹಾಕುತ್ತೇವೆ' ಎಂದರು ಆ ಮನೆಯ ಅಜ್ಜಿ. ಯೋಜನೆಯ ಕಾಗದದಲ್ಲಿ ಆ ಮನೆಗೂ ನಳ ಸಂಪರ್ಕ ಕೊಟ್ಟಾಗಿದೆ.

ಕಾರಣ ಹುಡುಕಲು ಎರಡು ಕಡೆ ನೆಲ ಅಗೆಸಿದೆವು. ನಮ್ಮ ನೆಲದ ಗುಣ ನಿಮಗೆ ಗೊತ್ತೇ ಇದೆ. ಮೇಲೆ ಎರೆಮಣ್ಣು, ಕೆಳಗೆ ಫರಸಿ ಕಲ್ಲಿನ ಪದರ. ಕಲ್ಲು ಸಿಕ್ಕಲ್ಲಿ ಆಳಕ್ಕೆ ಹೋಗುವುದು ಖರ್ಚಿನ ಕೆಲಸ. ಹೀಗಾಗಿ ಅಂದಾಜು ಪಟ್ಟಿಯಲ್ಲಿ ಬರೆದ ಆಳ ಒಂದು, ಪೈಪು ಮಲಗಿರುವ ಆಳ ಇನ್ನೊಂದು. ಒಂದು ಕಡೆಯಂತೂ ಗುದ್ದಲಿಯ ಎರಡನೆಯ ಏಟಿಗೇ ಕಪ್ಪು ಪೈಪು ಕಾಣಿಸಿತು. ಅದರ ಮೇಲೆ ತೊಗರಿ ಹೇರಿದ ಟ್ರ್ಯಾಕ್ಟರ್ ಓಡಾಡುತ್ತದೆ. ಬೇಸಿಗೆಯಲ್ಲಿ ಎರೆ ನೆಲ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಮತ್ತೆ ಉಬ್ಬುತ್ತದೆ. ಮೇಲೆಮೇಲೆ ಹೂತ ಪೈಪಿನ ಕೂಡು ಅದರ ಜೊತೆಗೇ ಎಳೆದಾಡಿ ಬಿಟ್ಟುಕೊಳ್ಳುತ್ತದೆ. ನಾವು ಅಗೆದ ಜಾಗದಲ್ಲಿ ಕೂಡು ಬಿಟ್ಟು, ಸುತ್ತಲಿನ ಮಣ್ಣು ಕೆಸರಾಗಿತ್ತು. ಪಕ್ಕದಲ್ಲೇ ಗಟಾರ. ನೀರು ಬಿಟ್ಟಾಗ ಹೊರಗೆ ಸೋರುತ್ತದೆ. ನೀರು ನಿಂತಾಗ ಹೊರಗಿನ ಕೊಳೆ ಪೈಪಿನೊಳಗೆ ಸೇರುತ್ತದೆ. ಮಕ್ಕಳಿಗೆ ವಾಂತಿಭೇದಿಯಾದರೆ ಯಾರನ್ನು ಕೇಳೋಣ?

ಈಗ ಠರಾವಿನ, ಅಂದರೆ ಗ್ರಾಮಸಭೆಯ ನಿರ್ಣಯದ ವಿಷಯಕ್ಕೆ ಬರುತ್ತೇನೆ, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಈ ಯೋಜನೆಯಲ್ಲಿ ಒಂದು ಊರು 'ಹರ್ ಘರ್ ಜಲ್', ಅಂದರೆ ಮನೆ ಮನೆಗೂ ನೀರು ಬರುವ ಗ್ರಾಮವೆಂದು ಪ್ರಮಾಣೀಕರಣ ಪಡೆಯಬೇಕಾದರೆ ಇಂಜಿನಿಯರ್ ಬರೆದು ಕೊಟ್ಟ ಕಾಗದವಷ್ಟೇ ಸಾಲದು. ಕೆಲಸ ಪೂರ್ಣಗೊಂಡ ಪ್ರಮಾಣಪತ್ರವನ್ನು ಗ್ರಾಮಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಬೇಕು. ಎಲ್ಲ ಮನೆಗಳಿಗೂ, ಶಾಲೆಗೂ, ಅಂಗನವಾಡಿಗೂ ನೀರು ಬರುತ್ತಿದೆ, ಯಾರೂ ಬಿಟ್ಟುಹೋಗಿಲ್ಲ ಎಂದು ಊರಿನವರೇ ಒಪ್ಪಿ ಠರಾವು ಮಾಡಬೇಕು. ಕೊನೆಯ ಮಾತು ನಿಮ್ಮದು. ಯೋಜನೆಯ ನಿಯಮವೇ ನಮ್ಮಂಥ ಊರಿನ ಜನರ ಕೈಗೆ ಇಷ್ಟು ದೊಡ್ಡ ಅಧಿಕಾರ ಕೊಟ್ಟಿರುವಾಗ ಅದನ್ನು ಯಾರದೋ ಬಿಲ್ ಪಾಸಾಗಲಿ ಎಂದು ಬಿಟ್ಟುಕೊಡುವುದು ನನ್ನಿಂದ ಆಗದು.

ಗುತ್ತಿಗೆದಾರರ ಕಡೆಯವರು ಠರಾವಿನ ಬರಹ ಸಿದ್ಧ ಮಾಡಿಕೊಂಡು ನಮ್ಮ ಮನೆಗೇ ಬಂದಿದ್ದರು. ನನ್ನನ್ನು ಬಿಟ್ಟು ನಮ್ಮ ಯಜಮಾನರ ಮುಂದೆ ಕುಳಿತು ಮಾತನಾಡಿದರು. 'ಅಧ್ಯಕ್ಷರು ಅವರು, ಸಹಿ ಅವರದು, ಅವರನ್ನೇ ಕೇಳಿ' ಎಂದು ನಮ್ಮವರು ಎದ್ದು ಹೊಲಕ್ಕೆ ಹೋದರು. ಅವರ ಆ ಮಾತಿನಿಂದ ನನಗೆ ಬಹಳ ಬಲ ಬಂತು. ರಾಜ್ಯದಲ್ಲಿ ಪಂಚಾಯಿತಿಯ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಕುರ್ಚಿಯ ಜೊತೆಗೆ ಸಹಿಯೂ ನಮ್ಮದೇ ಆಗಬೇಕು ಎಂದು ಬೇರೆ ಊರಿನ ಅಧ್ಯಕ್ಷೆಯರಿಗೂ ಕೈಮುಗಿದು ಹೇಳುತ್ತೇನೆ.

ಹಸ್ತಾಂತರವಾದ ಮರುದಿನದಿಂದ ಎಲ್ಲ ಭಾರ ಪಂಚಾಯಿತಿಯ ಮೇಲೆ. ಪಂಪಿನ ಜೆಸ್ಕಾಂ ಕರೆಂಟ್ ಬಿಲ್, ಸುಟ್ಟ ಮೋಟಾರಿನ ರಿಪೇರಿ, ಒಡೆದ ಪೈಪು, ಕೆಟ್ಟ ವಾಲ್, ವಾಟರ್‌ಮ್ಯಾನ್ ಸಂಬಳ, ಎಲ್ಲವೂ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು, ಅದು ಒಳ್ಳೆಯದೇ. ಆದರೆ ಕಳಪೆ ಪೈಪಿಗೆ ತೇಪೆ ಹಾಕುತ್ತಾ ಕುಳಿತರೆ ಎಷ್ಟು ಹಣ ಬಂದರೂ ಅದು ಸೋರುವ ಕೊಡಕ್ಕೆ ನೀರು ಹಾಕಿದಂತೆಯೇ. ಮೊದಲು ಪೈಪು ಸರಿಯಾದ ಆಳಕ್ಕೆ ಇಳಿಯಲಿ. ಮೇಲಿನ ಓಣಿಗೆ ಬೇರೆ ಲೈನು, ಬೇರೆ ವಾಲ್ ಆಗಲಿ. ಅಗೆದು ಬಿಟ್ಟ ಸಿಸಿ ರಸ್ತೆಯನ್ನು ಮೊದಲಿನಂತೆ ಮುಚ್ಚಲಿ. ಆಮೇಲೆ ಸಂತೋಷದಿಂದ ವಹಿಸಿಕೊಳ್ಳೋಣ.

ವಹಿಸಿಕೊಂಡ ಮೇಲೆ ನೀವು ನೀರಿನ ಕರ ಕಟ್ಟಬೇಕು. ಇದನ್ನು ಈಗಲೇ ಹೇಳುತ್ತಿದ್ದೇನೆ, ಯಾರಿಗೂ ಬೇಸರವಾಗಬಾರದು. ಹಬ್ಬಕ್ಕೆ, ಜಾತ್ರೆಗೆ ಕೈಬಿಚ್ಚಿ ಪಟ್ಟಿ ಕೊಡುವ ಊರು ನಮ್ಮದು. ದಿನಾ ಕುಡಿಯುವ ನೀರಿಗೆ ಕೊಡಲು ಹಿಂದೆಮುಂದೆ ನೋಡಬಾರದು. ವಾಟರ್‌ಮ್ಯಾನ್ ಕೈಗೆ ತಿಂಗಳು ತಿಂಗಳು ಸಂಬಳ ಸೇರದಿದ್ದರೆ ಬೆಳಗಿನ ಜಾವ ವಾಲ್ ತಿರುಗಿಸಲು ಯಾರು ಬರುತ್ತಾರೆ? ಆದರೆ ನೀರೇ ಬಾರದ ಮನೆಯಿಂದ ಒಂದು ರೂಪಾಯಿಯನ್ನೂ ವಸೂಲಿ ಮಾಡಲು ನಾನು ಬಿಡುವುದಿಲ್ಲ.

ನೀರಿನ ಪರೀಕ್ಷೆಯನ್ನೂ ಬಿಟ್ಟಿಲ್ಲ. ನಮ್ಮ ಭಾಗದ ಬೋರ್‌ಗಳಲ್ಲಿ ಫ್ಲೋರೈಡ್, ನೈಟ್ರೇಟ್ ತೊಂದರೆ ಇದೆ. ಒಂದು ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಫ್ಲೋರೈಡ್ ಹೆಚ್ಚಾದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆಗೇ ಪೆಟ್ಟು. ಕುದಿಸಿದರೆ ಎರಡೂ ಹೋಗುವುದಿಲ್ಲ, ಇದು ಎಲ್ಲರೂ ತಿಳಿದಿರಬೇಕಾದ ವಿಷಯ. ಪರೀಕ್ಷೆಯ ಕಿಟ್ ಬಳಸಲು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕಲಿತಿದ್ದಾರೆ. ಫಲಿತಾಂಶ ಪಂಚಾಯಿತಿಯ ಗೋಡೆಯ ಮೇಲೆ ಬರೆದಿರುತ್ತದೆ, ಬಂದು ನೋಡಿ.

ಉಳಿದ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಗ್ರಂಥಾಲಯದ ಕಟ್ಟಡಕ್ಕೆ ಬಣ್ಣ ಆಗಿದೆ, ಸಂಜೆ ಮಕ್ಕಳು ಬರುತ್ತಿದ್ದಾರೆ. ಕಸದ ಗಾಡಿ ಓಡಿಸಲು ನಮ್ಮ ಊರಿನ ಹೆಣ್ಣುಮಗಳೇ ಮುಂದೆ ಬಂದಿದ್ದಾಳೆ, ಅವಳಿಗೆ ದಾರಿ ಬಿಡಿ, ಹಸಿ ಕಸ ಒಣ ಕಸ ಬೇರೆ ಮಾಡಿ ಕೊಡಿ. ತಾಂಡಾದವರ ವಿಷಯ ಹಾಗೆ ಬೇಗ ಮುಗಿಸುವಂಥದ್ದಲ್ಲ. 2023ರ ಜನವರಿ 19ರಂದು ಇಲ್ಲೇ ಮಳಖೇಡದಲ್ಲಿ ಪ್ರಧಾನಿಯವರು ಬಂದು 50 ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಯಿತು. ನಮ್ಮ ತಾಂಡಾದಲ್ಲಿ ಹಕ್ಕುಪತ್ರ ಕೈಗೆ ಬಂದರೂ ಇ-ಸ್ವತ್ತು ಖಾತೆ, ಅಂದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ ಆಗದ ಮನೆಗಳು ಇನ್ನೂ ಇವೆ. ಖಾತೆ ಇಲ್ಲದೆ ಮನೆಯ ಮೇಲೆ ಸಾಲ ಸಿಗುವುದಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರು ಕಾಗದ ಪತ್ರ ಹಿಡಿದು ತಾಂಡಾಕ್ಕೇ ಬಂದು ಅರ್ಜಿ ಬರೆಸಿಕೊಳ್ಳುತ್ತಾರೆ, ನೀವು ಕೂಲಿ ಬಿಟ್ಟು ಪಂಚಾಯಿತಿಗೆ ಅಲೆಯಬೇಕಾಗಿಲ್ಲ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕಕ್ಕೆ ಹಣ ಬರುತ್ತಿದೆ, ಕಟ್ಟಡಗಳು ಎದ್ದಿವೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಭೂಮಿಪೂಜೆಯ ದಿನ ಹಾರ ಹಿಡಿದು ಬಂದಷ್ಟೇ ಜನ ಕೆಲಸ ಮುಗಿದ ಮೇಲೂ ಬಂದು ನೋಡಿದರೆ ನಮ್ಮ ಭಾಗದ ಅರ್ಧ ದೂರುಗಳು ಇರುತ್ತಲೇ ಇರಲಿಲ್ಲ ಎಂದು ನನಗೆ ಅನಿಸುತ್ತದೆ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಬೇಸಿಗೆಯಲ್ಲಿ ಕರೆದರೆ ಅರ್ಧ ಊರು ಗುಳೆ ಹೋಗಿರುತ್ತದೆ, ಮೇಲಿನ ಓಣಿ ಮತ್ತು ತಾಂಡಾದಲ್ಲಿ ಬೀಗ ಹಾಕಿದ ಮನೆಗಳೇ ಹೆಚ್ಚು. ನೀರು ಬಾರದವರೇ ಇಲ್ಲದ ಸಭೆಯಲ್ಲಿ ನೀರಿನ ಠರಾವು ಮಾಡಿದರೆ ಏನು ಪ್ರಯೋಜನ? ಅದಕ್ಕೇ ಈ ಸಲ ಎಳ್ಳ ಅಮಾವಾಸ್ಯೆಯ ಮರುದಿನ ಗ್ರಾಮಸಭೆ ಇಡಬೇಕೆಂದು ಸದಸ್ಯರೆಲ್ಲ ಕೂಡಿ ತೀರ್ಮಾನಿಸಿದ್ದೇವೆ. ಎಲ್ಲಿದ್ದರೂ ಆ ಹಬ್ಬಕ್ಕೆ ನೀವು ಊರಿಗೆ ಬರುತ್ತೀರಿ, ಹೊಲದಲ್ಲಿ ಚರಗ ಚೆಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುತ್ತೀರಿ. ಆ ರಾತ್ರಿಯೇ ಬಸ್ ಹತ್ತಬೇಡಿ, ಒಂದು ದಿನ ಹೆಚ್ಚು ಉಳಿಯಿರಿ.

ಅದಕ್ಕೂ ಮೊದಲು ವಾರ್ಡ್ ಸಭೆಗಳು ಆಗುತ್ತವೆ. ಮನೆಯಲ್ಲಿರುವವರು ಒಂದು ಕೆಲಸ ಮಾಡಿ. ನೀರು ಬಿಟ್ಟಾಗ ನಳದ ಕೆಳಗೆ ಕೊಡ ಇಟ್ಟು, ತುಂಬಲು ಎಷ್ಟು ನಿಮಿಷವಾಯಿತು ಎಂದು ಮೊಬೈಲಿನಲ್ಲಿ ನೋಡಿ, ತಾರೀಖು ಹಾಕಿ ಬರೆದಿಡಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿ. ಆ ಚೀಟಿಗಳನ್ನು ನಿಮ್ಮ ವಾರ್ಡಿನ ಸದಸ್ಯರ ಕೈಗೆ ಕೊಡಿ. ಗ್ರಾಮಸಭೆಯಲ್ಲಿ ಇಂಜಿನಿಯರ್ ಅವರ ಪ್ರಮಾಣಪತ್ರ ಓದಿದ ಮೇಲೆ ನಿಮ್ಮ ಚೀಟಿಗಳನ್ನೂ ಒಂದೊಂದಾಗಿ ನಾನೇ ಓದುತ್ತೇನೆ.