ವರ್ಷಕ್ಕೆ ನಾಲ್ಕು ತೂತು ಕೊರೆಯಲು ಎಂಥ ಡ್ರಿಲ್ ಬೇಕು?

ನಮಸ್ಕಾರ. ಇವತ್ತು ಕಿಟಕಿಯ ಮೇಲಿಂದ ಮಾತು ಶುರು ಮಾಡುತ್ತೇನೆ.

ಮನೆಗೊಂದು ಡ್ರಿಲ್ ಬೇಕು ಅಂತ ನಮಗೆ ಅನ್ನಿಸುವುದೇ ಪರದೆ ಕಂಬಿ ಹಾಕುವಾಗ, ಅಲ್ವಾ? ಕಿಟಕಿಯಿಂದ ನಾಲ್ಕು ಬೆರಳು ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕುತ್ತೇವೆ. ಡ್ರಿಲ್ ಒತ್ತುತ್ತೇವೆ. ಅರ್ಧ ಇಂಚು ಪ್ಲಾಸ್ಟರಿಂಗ್ ಸಲೀಸಾಗಿ ಹೋಗುತ್ತದೆ. ಆಮೇಲೆ ಏನು ಮಾಡಿದರೂ ಮುಂದಕ್ಕೆ ಹೋಗುವುದಿಲ್ಲ. ಯಾಕೆಂದರೆ ಅಲ್ಲಿರುವುದು ಲಿಂಟಲ್. ಕಬ್ಬಿಣದ ಸರಳು ಕಟ್ಟಿ ಕಾಂಕ್ರೀಟ್ ಸುರಿದ ತೊಲೆ.

ಅಮ್ಮನ ಮನೆಯಲ್ಲಿ ನನಗೆ ಆದದ್ದೂ ಇದೇ. ನನ್ನ ಕೈಯಲ್ಲಿದ್ದದ್ದು 12 ವೋಲ್ಟಿನ ಬ್ಯಾಟರಿ ಡ್ರಿಲ್. ಹಗುರ, ವೈರಿನ ಕಾಟವಿಲ್ಲ ಅಂತ ತಂದಿದ್ದೆ. ಅದರಲ್ಲಿ ಹ್ಯಾಮರ್, ಅಂದರೆ ತಿರುಗುತ್ತಲೇ ಏಟು ಕೊಡುವ ವ್ಯವಸ್ಥೆ, ಇರಲಿಲ್ಲ, ಸುಮ್ನೆ ತಿರುಗುತ್ತಿತ್ತು ಅಷ್ಟೇ. ಮುಂದೆ ಸಿಕ್ಕಿಸುವ, ತೂತು ಕೊರೆಯುವ ಕಡ್ಡಿ ಇದೆಯಲ್ಲ, ಆ ಬಿಟ್ಟಿನ ತುದಿ ಕಾದು ನೀಲಿಯಾಯಿತು. ಸ್ಟೂಲ್ ಹಿಡಿದಿದ್ದ ಅಮ್ಮ, "ಸಾಕು ಇಳಿಯಪ್ಪ, ಕೈ ನಡುಗ್ತಿದೆ ನಿಂದು" ಅಂದರು. ಆಮೇಲೆ ಆ ಡ್ರಿಲ್ ಅಟ್ಟ ಸೇರಿತು. ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಬಿದ್ದಿದ್ದು, ಮತ್ತೆ ತೆಗೆದಾಗ ಬ್ಯಾಟರಿ ಸತ್ತಿತ್ತು. ವರ್ಷಕ್ಕೆ ನಾಲ್ಕು ಸಲ ಬಳಸುವವರಿಗೆ ಬ್ಯಾಟರಿ ಡ್ರಿಲ್ ಬೇಡ ಅಂತ ನಾನು ಹೇಳುವುದು ಇದಕ್ಕೇ. ವೈರ್ ಇರುವ ಡ್ರಿಲ್ಲನ್ನು ಎರಡು ವರ್ಷ ಬಿಟ್ಟು ಪ್ಲಗ್ಗಿಗೆ ಹಾಕಿದರೂ ತಿರುಗುತ್ತದೆ.

ಹಾಗಾದರೆ ಯಾವುದು ತರಬೇಕು? 500ರಿಂದ 600 ವ್ಯಾಟ್ ಇಂಪ್ಯಾಕ್ಟ್ ಡ್ರಿಲ್ ಸಾಕು. ಟ್ರಿಗರ್ ಒತ್ತಿದಷ್ಟು ವೇಗ ಬರಬೇಕು, ಹಿಂದಕ್ಕೂ ತಿರುಗಬೇಕು. ಹ್ಯಾಮರ್ ಆಫ್ ಮಾಡುವ ಗುಂಡಿ ಇದೆಯಾ ನೋಡಿಕೊಳ್ಳಿ. ಟೈಲ್ಸ್ ಮೇಲೆ ಹ್ಯಾಮರ್ ಹಾಕಿದರೆ ಸೀಳಿಹೋಗುತ್ತದೆ.

ಇಂಪ್ಯಾಕ್ಟ್ ಡ್ರಿಲ್ಲಿನ ಒಳಗೆ ಹಲ್ಲಿರುವ ಎರಡು ಬಿಲ್ಲೆಗಳಿರುತ್ತವೆ. ಅವು ಒಂದರ ಮೇಲೊಂದು ಜಾರುತ್ತಾ ಸಣ್ಣ ಸಣ್ಣ ಏಟು ಕೊಡುತ್ತವೆ. ಇಟ್ಟಿಗೆಗೆ, ಸಿಮೆಂಟ್ ಬ್ಲಾಕಿಗೆ ಆ ಏಟು ಧಾರಾಳ. ಲಿಂಟಲ್, ಕಂಬ, ಸೀಲಿಂಗ್ ಅಂದರೆ ಕಥೆ ಬೇರೆ. ಅಲ್ಲಿಗೆ ಪಿಸ್ಟನ್ನಿನಿಂದ ಗುದ್ದುವ ರೋಟರಿ ಹ್ಯಾಮರ್ ಬೇಕು. ಅದನ್ನು ಕೊಳ್ಳಬೇಡಿ. ಒಂದು ದಿನದ ಮಟ್ಟಿಗೆ ಬಾಡಿಗೆಗೆ ತನ್ನಿ.

ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ. ಬಿಟ್‌ಗಳ ನೂರು ಪೀಸಿನ ಪೆಟ್ಟಿಗೆ ಸಿಗುತ್ತದೆ ಅಂತ ಮರುಳಾಗಬೇಡಿ. ಅದರಲ್ಲಿ ಮುಕ್ಕಾಲು ಪಾಲು ನೀವು ಮುಟ್ಟುವುದೇ ಇಲ್ಲ. ಗೋಡೆಗೆ ತುದಿಯಲ್ಲಿ ಕಾರ್ಬೈಡ್ ಅನ್ನುವ ತುಂಬಾ ಗಟ್ಟಿ ತುಣುಕು ಇರುವ ಮೇಸನ್ರಿ ಬಿಟ್ ಬೇಕು. 6 ಮತ್ತು 8 ಎಂಎಂ ಎರಡು ಒಳ್ಳೆಯವು ತನ್ನಿ, ಸ್ಕ್ರೂ ಹಿಡಿಯಲು ತೂತಿನೊಳಗೆ ತೂರಿಸುವ ಅದೇ ಅಳತೆಯ ಗಿಟ್ಟಿಗಳನ್ನೂ ತನ್ನಿ. ಮೊಂಡಾದ ಬಿಟ್ ಹಾಕಿಕೊಂಡರೆ ಎಷ್ಟು ದುಡ್ಡಿನ ಡ್ರಿಲ್ ಇದ್ದರೂ ದಂಡ.

ಕೊರೆಯುವ ಮೊದಲು ಗುರುತಿನ ಕೆಳಗೆ ಒಂದು ಕಾಗದ ಮಡಚಿ ಅಂಟಿಸಿ. ಅದರೊಳಗೆ ಬೀಳುವ ಪುಡಿ ನೋಡಿ. ಕೆಂಪಗಿದ್ದರೆ ಇಟ್ಟಿಗೆ, ಧೈರ್ಯವಾಗಿ ಮುಂದುವರಿಯಿರಿ. ಬೂದು ಬಣ್ಣ ಬಂದು ಡ್ರಿಲ್ಲೂ ನಿಂತರೆ ಕಾಂಕ್ರೀಟ್, ಜಾಸ್ತಿ ಒತ್ತಬೇಡಿ. ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ ಮಾತ್ರ ಕೊರೆಯಲೇಬೇಡಿ. ಒಳಗೆ ವೈರಿನ ಪೈಪ್ ಹೋಗಿರುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಲಿಂಟಲ್ ಸಾಮಾನ್ಯವಾಗಿ ಆರು ಇಂಚು ಎತ್ತರ ಇರುತ್ತದೆ. ಹಾಗಾಗಿ ಮುಂದಿನ ಸಲ ಅಮ್ಮನ ಮನೆಗೆ ಹೋದಾಗ ನಾಲ್ಕು ಬೆರಳಿನ ಬದಲು ಒಂದು ಗೇಣು ಮೇಲೆ ಗುರುತು ಹಾಕಿದೆ. ಈ ಸಲ ಇಂಪ್ಯಾಕ್ಟ್ ಡ್ರಿಲ್, ಹೊಸ ಬಿಟ್. ಕಾಗದದೊಳಗೆ ಕೆಂಪು ಪುಡಿ ಸುರಿಯಿತು. ನಿಮಿಷದೊಳಗೆ ಗಿಟ್ಟಿ ಕೂತಿತು. ಪರದೆ ಮಾತ್ರ ಸ್ವಲ್ಪ ಗಿಡ್ಡವಾಯಿತು. ಅಮ್ಮ ಅದಕ್ಕೆ ಕೆಳಗೊಂದು ಅಂಚು ಹೊಲಿದಿದ್ದಾರೆ.