ಅನುಮಾನದ ಹೊಳೆ

ಕೇಳುಗರಿಗೆ ನಮಸ್ಕಾರ. ಇವತ್ತು ಬ್ರೆಜಿಲ್‌ನ ದಟ್ಟ ಕಾಡಿನೊಳಗಿನ ಒಂದು ನದಿಯ ವಿಷಯ. ಉದ್ದ ಸುಮಾರು 760 ಕಿಲೋಮೀಟರ್. ಕಾವೇರಿಗಿಂತ ಸ್ವಲ್ಪ ಕಡಿಮೆ, ಅಷ್ಟೇ. ಆದರೂ 1914ರವರೆಗೆ ಅದರ ಪೂರ್ತಿ ದಾರಿ ಯಾವ ನಕ್ಷೆಯಲ್ಲೂ ಇರಲಿಲ್ಲ.

ಅದರ ಮೂಲವನ್ನು ಗುರುತಿಸಿದವರು ಕ್ಯಾಂಡಿಡೊ ರೊಂಡೊನ್. ಕಾಡಿನಲ್ಲಿ ಟೆಲಿಗ್ರಾಫ್ ತಂತಿ ಎಳೆಸುತ್ತಿದ್ದ ಸೇನಾಧಿಕಾರಿ. 1909ರಲ್ಲಿ ಅವರು ನೋಡಿದಾಗ ನೀರು ಉತ್ತರಕ್ಕೆ ಹರಿಯುತ್ತಿತ್ತು. ಮುಂದೆ ಹೋಗಿ ಮದೇರಾ ನದಿಗೆ ಸೇರುತ್ತದೋ, ಟಪಜೋಸ್‌ಗೋ? ಗೊತ್ತಾಗಲಿಲ್ಲ. ‘ರಿಯೊ ದ ದೂವಿದ’ ಎಂದು ಬರೆದುಕೊಂಡರು. ಅನುಮಾನದ ಹೊಳೆ!

ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1912ರ ಚುನಾವಣೆಯಲ್ಲಿ ಸೋತಿದ್ದರು. ಸುಮ್ನೆ ಕೂರುವ ಜೀವ ಅಲ್ಲ ಅದು. ಮಗ ಕರ್ಮಿಟ್ ಜೊತೆ ರೊಂಡೊನ್ ತಂಡ ಸೇರಿದರು. 1914ರ ಫೆಬ್ರುವರಿ 27ರಂದು 22 ಜನ, 7 ಮರದ ದೋಣಿ ಹೊರಟವು. ಮುಂದೆ ಬರೀ ಬಂಡೆ, ಜಲಪಾತ. ಅಂಥ ಕಡೆ ದಡದ ಗಿಡಗಂಟಿ ಕಡಿಯಬೇಕು, ಅಡ್ಡಡ್ಡ ಮರದ ತುಂಡು ಜೋಡಿಸಬೇಕು, ಅದರ ಮೇಲೆ ದೋಣಿಯನ್ನು ಹಗ್ಗ ಕಟ್ಟಿ ಎಳೆಯಬೇಕು. ದೋಣಿ ಒಡೆದರೆ ಮರ ಕಡಿದು ಹೊಸದು ಕೊರೆಯಬೇಕು. ಒಬ್ಬ ನೀರುಪಾಲಾದ, ಇನ್ನೊಬ್ಬ ಜೊತೆಗಾರನ ಗುಂಡಿಗೆ ಬಲಿಯಾದ. ರೂಸ್‌ವೆಲ್ಟ್‌ಗೆ ಕಾಲಿಗೆ ಪೆಟ್ಟು, ಮೇಲೆ ಜ್ವರ. ನನ್ನನ್ನು ಇಲ್ಲೇ ಬಿಟ್ಟು ಹೋಗಿ ಅನ್ನುವ ಸ್ಥಿತಿ.

ಒಂದು ದಿನ ರೊಂಡೊನ್ ನಾಯಿ ಲೋಬೊ ಮುಂದೆ ಓಡಿತು, ಬಾಣ ತಾಗಿ ಸತ್ತಿತು. ಅದು ಸಿಂಟಾ ಲಾರ್ಗಾ ಎಂಬ ಮೂಲನಿವಾಸಿ ಜನರ ಕಾಡು. ರೊಂಡೊನ್ ಸೇಡು ತೀರಿಸಿಕೊಳ್ಳಲು ಹೋಗಲಿಲ್ಲ. ಅಲ್ಲಿ ಕೊಡಲಿ, ಮಣಿಸರ ಇಟ್ಟು ಮುಂದೆ ನಡೆದರು.

ನಡುದಾರಿಯಲ್ಲೇ ರೊಂಡೊನ್ ಸರ್ಕಾರದ ಆದೇಶ ಓದಿದರು: ಇನ್ನು ಮುಂದೆ ಇದು ರೂಸ್‌ವೆಲ್ಟ್ ನದಿ. ಬೇಡ, ಹಳೆಯದೇ ಚೆನ್ನಾಗಿದೆ ಎಂದು ಅಪ್ಪ ಮಗ ಇಬ್ಬರೂ ಹೇಳಿದ್ದರಂತೆ. ನನ್ನ ವೋಟೂ ಅವರಿಗೇ. ಇನ್ನೂ ತಮಾಷೆ ಗೊತ್ತಾ? ಕೆಳಭಾಗದಲ್ಲಿ ರಬ್ಬರ್ ಹಾಲು ಇಳಿಸುವವರು ಆಗಲೇ ಇದ್ದರು. ಅವರ ಬಾಯಲ್ಲಿ ಅದು ‘ಕಸ್ತಾನ್ಯೊ’. ಅನುಮಾನವೆಲ್ಲ ಮೇಲಿನ ತುದಿಯಲ್ಲಿ ನಿಂತವರಿಗೆ ಮಾತ್ರ, ಅಲ್ವಾ? ನೀರು ಅರಿಪುವಾನಾ ನದಿಗೆ ಸೇರಿ, ಅಲ್ಲಿಂದ ಮದೇರಾಕ್ಕೆ ಹೋಗುತ್ತಿತ್ತು.

1956ರಲ್ಲಿ ಆ ಸೀಮೆಗೆ ರೊಂಡೊನ್ ಗೌರವಾರ್ಥ ರೊಂಡೋನಿಯ ಎಂದು ಹೆಸರಿಟ್ಟರು. ಇನ್ನು ಸಿಂಟಾ ಲಾರ್ಗಾ ಜನರಿಗೆಂದು ಗುರುತಿಸಿದ ಒಂದು ಕಾಡು ಇದೆ. ಸರ್ಕಾರಿ ಕಾಗದದಲ್ಲಿ ಅದರ ಹೆಸರೂ ರೂಸ್‌ವೆಲ್ಟ್. ನಮಸ್ಕಾರ.